ಮೂಢನಂಬಿಕೆ: ಕಾನೂನು ಬಿಟ್ಟ ಪದ, ನಾವು ಬಿಡದ ಪದ

ಮಹಾಲಿಂಗಪುರದ ಹತ್ತಿರ ನಮ್ಮ ಕಾಕಾನ ಕಬ್ಬಿನ ಹೊಲ ಇದೆ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ಅವನ ಮಗ ಕಬ್ಬಿಗೆ ನೀರು ತಿರುಗಿಸಲು ಹೋಗಿದ್ದ. ಹಾವು ಕಡಿಯಿತು. ಪಾದದ ಮೇಲೆ ಎರಡು ಚುಕ್ಕೆ, ಅಷ್ಟೇ. ಆಸ್ಪತ್ರೆಗೆ ಬೈಕ್ ಮೇಲೆ ಅರ್ಧ ತಾಸಿನ ದಾರಿ. ಆದರೆ ಬೈಕ್ ಮೊದಲು ಹೋದದ್ದು ಪಕ್ಕದ ಊರಿಗೆ, ಹಾವಿನ ಮಂತ್ರ ಹಾಕುವವರ ಮನೆಗೆ. ಅಲ್ಲಿ ಬೇವಿನ ತಪ್ಪಲಿನಿಂದ ಇಳಿ ತೆಗೆದರು. ಮೆಣಸಿನಕಾಯಿ ತಿನ್ನಿಸಿ ಖಾರ ಹತ್ತುತ್ತಾ ಅಂತ ಕೇಳಿದರು. ಮೊಣಕಾಲ ಕೆಳಗೆ ಬಿಗಿಯಾಗಿ ಹಗ್ಗ ಕಟ್ಟಿದರು. ಮೂರು ತಾಸು ಹೋಯಿತು. ಬಾವು ತೊಡೆವರೆಗೆ ಏರಿ, ವಸಡಿನಲ್ಲಿ ರಕ್ತ ಜಿನುಗಲು ಶುರುವಾದ ಮೇಲೆ ಎಲ್ಲರಿಗೂ ಕೈಕಾಲು ಆಡದೆ ಆಸ್ಪತ್ರೆಗೆ ಓಡಿದರು.

ನಾನು ಬೆಳಗಾವಿಯಿಂದ ಬಂದು ಮುಟ್ಟಿದಾಗ ರಾತ್ರಿ ಹನ್ನೊಂದು. ಕಾಕಾ ವರಾಂಡದ ಬೆಂಚಿನ ಮೇಲೆ ಕೂತಿದ್ದ, ಕೈಯಲ್ಲಿ ಮಗನ ಒಂದು ಚಪ್ಪಲಿ. ವಿಷಯ ಕೇಳಿದ ಕೂಡಲೇ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಏನ್ ಮೂಢನಂಬಿಕಿ ಕಾಕಾ ಇದು, ಈ ಕಾಲದಾಗೂ" ಅಂತ ಎಲ್ಲರ ಮುಂದೆ ಒದರಿದೆ. ಅವನು ತಲೆ ಎತ್ತಿ ನೋಡಿದ. "ನಾ ಮೂಢ ಅಲ್ಲಪಾ. ನನ್ನ ಮಗನ್ನ ಉಳಸ್ಕೊಳ್ಳಾಕ ಹ್ವಾದಾಂವ" ಅಂದ.

ಹುಡುಗ ಉಳಿದ. ನಾಲ್ಕು ಸಲ ಡಯಾಲಿಸಿಸ್ ಆಯಿತು, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ, ಆದರೆ ಉಳಿದ. ನನ್ನ ತಲೆಯಲ್ಲಿ ಉಳಿದದ್ದು ಕಾಕಾನ ಆ ಒಂದು ಮಾತು. ಹೋಗಬಾರದ ಕಡೆ ಹೋಗಿದ್ದ, ಅದರಲ್ಲಿ ಅನುಮಾನ ಇಲ್ಲ. ಆ ಮೂರು ತಾಸು ಹುಡುಗನ ಮೂತ್ರಪಿಂಡವನ್ನು ತಿಂದವು. ಆದರೂ ನಾನು ಎಸೆದ ಪದ ಅವನಿಗೆ ತಪ್ಪನ್ನು ತೋರಿಸಲಿಲ್ಲ. ಅವನನ್ನು ದಡ್ಡ ಅಂತ ಕರೆಯಿತು, ಅಷ್ಟೇ. ಅವತ್ತಿನಿಂದ ಈ ಪದ ಎಲ್ಲಿ ಕೇಳಿದರೂ ನಾನು ಒಂದು ಕ್ಷಣ ನಿಲ್ಲುತ್ತೇನೆ. ಇದು ಎಲ್ಲಿಂದ ಬಂತು, ಯಾರು ಯಾರಿಗೆ ಹೇಳುತ್ತಾರೆ, ಹೇಳಿದ ಮೇಲೆ ಏನಾಗುತ್ತದೆ?

ಪದದಿಂದಲೇ ಶುರು ಮಾಡೋಣ. ಮೂಢ ಅನ್ನೋದು ಸಂಸ್ಕೃತದ 'ಮುಹ್' ಧಾತುವಿನಿಂದ ಬಂದದ್ದು. ದಿಕ್ಕು ತಪ್ಪು, ಗೊಂದಲಕ್ಕೆ ಬೀಳು ಅಂತ ಅದರ ಅರ್ಥ. ಮೋಹ ಹುಟ್ಟಿದ್ದು ಅಲ್ಲಿಂದಲೇ. ಮುಗ್ಧ ಹುಟ್ಟಿದ್ದೂ ಅಲ್ಲಿಂದಲೇ. ಮುಗ್ಧ, ಮೂಢ ಎರಡೂ ಒಂದೇ ಕ್ರಿಯಾಪದದ ಎರಡು ರೂಪಗಳು, ಸಂಸ್ಕೃತ ವ್ಯಾಕರಣ ಎರಡನ್ನೂ ಒಪ್ಪುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ ಅಣ್ಣತಮ್ಮಂದಿರ ದಾರಿ ಬೇರೆಯಾಯಿತು. ಗೊತ್ತಿಲ್ಲದವನ ಮೇಲೆ ಪ್ರೀತಿ ಇದ್ದರೆ ಮುಗ್ಧ ಅನ್ನುತ್ತೇವೆ, ಸಿಟ್ಟಿದ್ದರೆ ಮೂಢ ಅನ್ನುತ್ತೇವೆ. ಗೊತ್ತಿಲ್ಲ ಅನ್ನೋದು ಎರಡು ಕಡೆಯೂ ಒಂದೇ ಅಲ್ವಾ? ಬದಲಾದದ್ದು ನೋಡುವವರ ಮನಸ್ಸು ಮಾತ್ರ.

ನಂಬಿಕೆ ಅಚ್ಚಗನ್ನಡ. ನಂಬು ಅನ್ನೋದು ತಮಿಳಿನಲ್ಲೂ ಇದೆ, ಈ ನೆಲದಲ್ಲೇ ಹುಟ್ಟಿ ಬೆಳೆದ ಮಾತು. ನಮ್ಮ ಕಡೆ ಅದು ನಂಬಿಗಿ ಆಗುತ್ತದೆ. ಸಂತೆಯಲ್ಲಿ ಉದ್ರಿ ಕೊಡುವವನು "ನಂಬಿಗಿ ಮ್ಯಾಲ ಕೊಟ್ಟೀನಿ" ಅನ್ನುತ್ತಾನೆ. ಬೆಲ್ಲದ ಪೇಟೆಯಲ್ಲಿ ರೈತ ದಲಾಲರ ಅಂಗಡಿಯಲ್ಲಿ ಪೆಂಟೆ ಇಳಿಸಿ ಬರುವುದೂ ನಂಬಿಗಿ ಮೇಲೆಯೇ. ಅಂದರೆ ಈ ಪದದೊಳಗೆ ದೇವರಷ್ಟೇ ಇಲ್ಲ, ಮನುಷ್ಯ ಮನುಷ್ಯನ ಜೊತೆ ಬದುಕುವ ರೀತಿಯೂ ಇದೆ. ಅಂಥ ಪದಕ್ಕೆ ಮೂಢ ಅನ್ನೋದನ್ನು ಅಂಟಿಸಿದ್ದೇವೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದರೆ ಹಳೆಯ ವ್ಯಾಕರಣದವರು ಅದನ್ನು ಅರಿಸಮಾಸ ಅನ್ನುತ್ತಿದ್ದರು. ಅರಿ ಅಂದರೆ ಶತ್ರು. ಈಗ ಅದನ್ನೆಲ್ಲ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಆದರೆ ಈ ಜೋಡಿಯಲ್ಲಿ ಮೊದಲ ಪದ ಎರಡನೆಯದನ್ನು ಹೊಡೆಯುತ್ತಿರುವುದಂತೂ ನಿಜ.

ಈ ಪದಕ್ಕೆ ಇನ್ನೊಂದು ಗುಣ ಇದೆ. ಇದನ್ನು ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳುವುದಿಲ್ಲ. "ಇದು ನನ್ನ ನಂಬಿಕೆ" ಅನ್ನುವವರು ಸಾವಿರ ಜನ ಸಿಗುತ್ತಾರೆ. "ಇದು ನನ್ನ ಮೂಢನಂಬಿಕೆ" ಅಂದವರನ್ನು ನಾನಂತೂ ಕಂಡಿಲ್ಲ. ಮಾಡುವವರ ಬಾಯಲ್ಲಿ ಅದು ಪದ್ಧತಿ, ರೂಢಿ, ವಾಡಿಕೆ, ಹಿರಿಯರು ಹಾಕಿಕೊಟ್ಟದ್ದು. ಸ್ವಲ್ಪ ಓದಿದವರಾದರೆ "ಅದರ ಹಿಂದೆ ವೈಜ್ಞಾನಿಕ ಕಾರಣ ಇದೆ" ಅನ್ನುತ್ತಾರೆ. ಈ ಕೊನೆಯ ಮಾತು ನನಗೆ ಮಂತ್ರದವರಿಗಿಂತ ಜಾಸ್ತಿ ಚಿಂತೆ ತರುತ್ತದೆ. ಗ್ರಹಣದ ಹೊತ್ತಿಗೆ ಊಟಕ್ಕೆ ವಿಷ ಬೀಳುತ್ತದೆ, ಬೆಳಿಗ್ಗೆ ಇಂಥ ಸೊಪ್ಪಿನ ರಸ ಕುಡಿದರೆ ಕ್ಯಾನ್ಸರ್ ಕರಗುತ್ತದೆ ಅಂತ ಮೊಬೈಲ್‌ಗೆ ಬರುವ ಸಂದೇಶಗಳಲ್ಲಿ ದೆವ್ವ ಇಲ್ಲ, ಮಾಟ ಇಲ್ಲ. ಕಿರಣ, ಶಕ್ತಿ, ವಿದೇಶದ ವಿಜ್ಞಾನಿಗಳು ಅನ್ನುವ ಪದಗಳಿವೆ. ಅದನ್ನು ನಂಬಿ ಚಿಕಿತ್ಸೆ ಬಿಟ್ಟವರನ್ನು ನಾವು ಮೂಢ ಅನ್ನುವುದಿಲ್ಲ. ಅವರು ಪ್ಯಾಂಟು ಹಾಕಿರುತ್ತಾರೆ, ಇಂಗ್ಲಿಷ್ ಮಾತಾಡುತ್ತಾರೆ. ಆ ಪದ ಧೋತರ ಉಟ್ಟವರನ್ನು, ತಲೆ ಮೇಲೆ ಸೆರಗು ಹೊದ್ದವರನ್ನು ಹುಡುಕಿಕೊಂಡು ಹೋಗುತ್ತದೆ.

ಬೆಳಗಾವಿಯಲ್ಲಿ ಕೂತು ನೋಡಿದರೆ ಇದೇ ವಿಷಯಕ್ಕೆ ಬೇರೆ ಬೇರೆ ಪದಗಳು ಕಿವಿಗೆ ಬೀಳುತ್ತವೆ. ಮರಾಠಿ ಮಾತಾಡುವವರು ಅಂಧಶ್ರದ್ಧಾ ಅನ್ನುತ್ತಾರೆ. ಗಡಿಯ ಆಚೆ ಡಾಕ್ಟರ್ ನರೇಂದ್ರ ದಾಭೋಲ್ಕರ್ ಕಟ್ಟಿದ ಸಂಘಟನೆಯ ಹೆಸರಿನಲ್ಲೇ ಆ ಪದ ಇದೆ, ಹಾಗಾಗಿ ಇಲ್ಲಿ ಕನ್ನಡದ ಭಾಷಣಗಳಲ್ಲೂ ಅಂಧಶ್ರದ್ಧೆ ಅಂತ ಬರುತ್ತದೆ. ಆದರೆ ಕನ್ನಡದಲ್ಲಿ ಶ್ರದ್ಧೆ ಅಂದರೆ ಮನಸ್ಸಿಟ್ಟು ಮಾಡುವುದು ಅನ್ನೋ ಅರ್ಥವೇ ಮುಂದೆ ನಿಲ್ಲುತ್ತದೆ. ಶ್ರದ್ಧೆಯಿಂದ ಓದು ಅನ್ನುತ್ತೇವೆ, ಶ್ರದ್ಧೆಯಿಂದ ಕೆಲಸ ಮಾಡು ಅನ್ನುತ್ತೇವೆ. ಅದಕ್ಕೆ ಅಂಧಶ್ರದ್ಧೆ ಅಂದಾಗ ಅರ್ಥ ಆದರೂ ಎದೆಗೆ ಹತ್ತುವುದಿಲ್ಲ. ಕುರುಡು ನಂಬಿಕೆ ಅಂತಲೂ ಇದೆ. ಕಣ್ಣಿಲ್ಲದವರು ಏನು ತಪ್ಪು ಮಾಡಿದ್ದಾರೆ ಅಂತ ಅವರನ್ನು ಇಲ್ಲಿ ಎಳೆದು ತರಬೇಕು? ನಾನು ಆ ಪದ ಬಿಟ್ಟಿದ್ದೇನೆ. ವಿಜಯಪುರದ ಓಣಿಗಳಲ್ಲಿ ದಖ್ಖನಿ ಮಾತಾಡುವವರು ವಹಮ್ ಅನ್ನುತ್ತಾರೆ. ಅದು ಅರಬ್ಬಿಯಿಂದ ಬಂದ ಮಾತು. ಇಲ್ಲದ್ದನ್ನು ಇದೆ ಅಂತ ಮನಸ್ಸು ಅಂದುಕೊಳ್ಳುವುದು. ಇದ್ದವುಗಳಲ್ಲಿ ಅದೇ ಒಳ್ಳೆಯ ಪದ ಅಂತ ನನಗೆ ಅನಿಸುತ್ತದೆ. ಅದು ಮನುಷ್ಯನನ್ನು ಬೈಯುವುದಿಲ್ಲ, ಅವನಿಗೆ ಆದದ್ದನ್ನು ಹೇಳುತ್ತದೆ. ವಹಮ್ ಬಂದಿದೆ ಅಂದರೆ ಅದು ಹೋಗಲೂಬಹುದು.

ಮೌಢ್ಯ ಅನ್ನೋ ಪದದ್ದು ಬೇರೆಯೇ ಕಥೆ. ಭಾಷಣದಲ್ಲಿ, ಪತ್ರಿಕೆಯಲ್ಲಿ ಮೌಢ್ಯ ಅಂದರೆ ಮೂಢನಂಬಿಕೆಯೇ. ಆದರೆ ಪಂಚಾಂಗ ತೆಗೆದರೆ ಅಲ್ಲಿ ಗುರು ಮೌಢ್ಯ, ಶುಕ್ರ ಮೌಢ್ಯ ಅಂತ ಇರುತ್ತದೆ. ಗುರು ಅಥವಾ ಶುಕ್ರ ಗ್ರಹ ಆಕಾಶದಲ್ಲಿ ಸೂರ್ಯನ ತೀರ ಹತ್ತಿರ ಬಂದಾಗ ಅದರ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆ ದಿನಗಳಿಗೆ ಮೌಢ್ಯ ಅಂತ ಹೆಸರು, ಆಗ ಮದುವೆ ಮುಂಜಿ ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಮೌಢ್ಯ ಅಂದರೆ ಬೆಳಕಿನೊಳಗೆ ಮುಚ್ಚಿಹೋಗುವುದು. ಗ್ರಹ ಎಲ್ಲೂ ಹೋಗಿರುವುದಿಲ್ಲ, ನಮಗೆ ಕಾಣುತ್ತಿರುವುದಿಲ್ಲ ಅಷ್ಟೇ.

ಇನ್ನು ದಿನದ ಮಾತಿಗೆ ಬಂದರೆ ನಮ್ಮ ಕಡೆ ಈ ದೊಡ್ಡ ಪದಗಳು ಯಾವುವೂ ಬಳಕೆಯಲ್ಲಿ ಇಲ್ಲ. ನೆದರ ಅಂದರೆ ದೃಷ್ಟಿ ತಾಗುವುದು, ಮಾಟ, ಕರಣಿ, ಬಾನಾಮತಿ, ಮದ್ದು, ಗಾಳಿ, ಅಪಶಕುನ, ಹರಕೆ, ಅಂತ್ರ. ಒಂದೊಂದಕ್ಕೂ ಒಂದೊಂದು ತೂಕ. ಮಗು ರಾತ್ರಿ ಅಳು ನಿಲ್ಲಿಸದಿದ್ದರೆ ನಮ್ಮವ್ವ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ, ನಾಲ್ಕು ಕಸಬರಿಗೆ ಕಡ್ಡಿ ಮುಷ್ಟಿಯಲ್ಲಿ ಹಿಡಿದು, ಮಗುವಿನ ತಲೆಯಿಂದ ಕಾಲವರೆಗೆ ಮೂರು ಸಲ ಇಳಿಸಿ ಒಲೆಗೆ ಹಾಕುತ್ತಿದ್ದಳು. ಸಾಸಿವೆ ಚಟಪಟ ಅನ್ನುತ್ತಿತ್ತು. ಘಾಟು ಬರಲಿಲ್ಲ ಅಂದರೆ ನೆದರ ಆಗಿತ್ತು ಅಂತ ಅರ್ಥ. ಅಷ್ಟು ಹೊತ್ತಿಗೆ ಆ ಚಟಪಟ ಕೇಳುತ್ತಾ ಮಗು ಅಳು ಮರೆತಿರುತ್ತಿತ್ತು, ಅವ್ವನ ಮನಸ್ಸಿಗೂ ಸಮಾಧಾನ ಆಗಿರುತ್ತಿತ್ತು. ಇದನ್ನೂ, ದೆವ್ವ ಬಿಡಿಸುತ್ತೇನೆ ಅಂತ ಒಬ್ಬ ಹೆಣ್ಣುಮಗಳನ್ನು ಕಂಬಕ್ಕೆ ಕಟ್ಟಿ ಹೊಡೆಯುವುದನ್ನೂ ನಾವು ಒಂದೇ ಪದದಲ್ಲಿ ಕರೆಯುತ್ತೇವೆ. ಇದೇ ಈ ಪದದ ದೊಡ್ಡ ಕೊರತೆ ಅಂತ ನನ್ನ ಅನಿಸಿಕೆ. ಅವ್ವನ ಒಲೆಯನ್ನೂ ಆ ಕಂಬವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಅವ್ವನಂಥವರು ನಮ್ಮ ಮಾತು ಕೇಳುವುದನ್ನೇ ಬಿಡುತ್ತಾರೆ. ಕಂಬಕ್ಕೆ ಕಟ್ಟುವವರಿಗೆ ಬೇಕಾಗಿರುವುದೂ ಅದೇ.

ಕಾನೂನು ಮಾಡಲು ಕೂತವರಿಗೂ ಇದೇ ತೊಡಕು ಎದುರಾಯಿತು. 2013ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ತಯಾರಾದ ಕರಡಿನ ಹೆಸರಿನಲ್ಲೇ ಮೂಢನಂಬಿಕೆ ಅನ್ನೋ ಪದ ಇತ್ತು. ಗದ್ದಲ ಎದ್ದಿತು. ಯಾವುದು ನಂಬಿಕೆ, ಯಾವುದು ಮೂಢನಂಬಿಕೆ, ಅದನ್ನು ಹೇಳಲು ನೀವು ಯಾರು ಅಂತ ಕೇಳಿದರು. ಕೇಳಿದವರಲ್ಲಿ ಕೆಲವರ ಉದ್ದೇಶ ಬೇರೆ ಇರಬಹುದು, ಆದರೆ ಪ್ರಶ್ನೆಯಲ್ಲಿ ಹುರುಳಿತ್ತು. ಕೊನೆಗೆ 2017ರ ನವೆಂಬರ್‌ನಲ್ಲಿ, ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದ ಅಧಿವೇಶನದಲ್ಲೇ ಮಸೂದೆ ಪಾಸಾಯಿತು. ಆಗ ಹೆಸರು ಬದಲಾಗಿತ್ತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ, ನಿರ್ಮೂಲನೆ ಮಾಡುವ ಕಾಯ್ದೆ. ಮೂಢನಂಬಿಕೆ ಅನ್ನೋ ಪದ ಹೆಸರಿನಿಂದ ಹೋಗಿತ್ತು. ಮಹಾರಾಷ್ಟ್ರದಲ್ಲೂ ಹೀಗೇ ಆಗಿದೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದ ಮೇಲೆ ಅದೇ ವರ್ಷ ಬಂದ ಅಲ್ಲಿನ ಕಾಯ್ದೆಯ ಹೆಸರಿನಲ್ಲೂ ಅಂಧಶ್ರದ್ಧಾ ಇಲ್ಲ. ಜನ ಮಾತ್ರ ಇವತ್ತಿಗೂ ನಮ್ಮ ಕಾಯ್ದೆಯನ್ನು ಮೌಢ್ಯ ನಿಷೇಧ ಕಾಯ್ದೆ ಅಂತಲೇ ಕರೆಯುತ್ತಾರೆ.

ಹೆಸರು ಬದಲಾಯಿಸಿದ್ದು ಹೆದರಿಕೆಯಿಂದ ಅಂತ ಆಗ ನನಗೆ ಅನಿಸಿತ್ತು. ಕಾಯ್ದೆಯನ್ನು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಅದು ನಂಬಿಕೆಯ ತಂಟೆಗೇ ಹೋಗುವುದಿಲ್ಲ. ಕೆಲಸಗಳ ಒಂದು ಪಟ್ಟಿ ಕೊಡುತ್ತದೆ, ಈ ಕೆಲಸ ಮಾಡಿದರೆ, ಮಾಡಿಸಿದರೆ ಅಪರಾಧ ಅನ್ನುತ್ತದೆ. ದೆವ್ವ ಬಿಡಿಸುವ ಹೆಸರಲ್ಲಿ ಹಗ್ಗ ಸರಪಳಿಯಿಂದ ಕಟ್ಟಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಬೆತ್ತಲೆ ಮೆರವಣಿಗೆ, ಬೇರೆಯವರು ಉಂಡ ಎಲೆಗಳ ಮೇಲೆ ಉರುಳಿಸುವುದು, ಬಾಯಿ ಬೀಗ ಅಂತ ದವಡೆಗೆ ಸರಳು ಚುಚ್ಚುವುದು, ಮುಟ್ಟಾದ ಅಥವಾ ಬಸುರಿ ಹೆಂಗಸರನ್ನು ಊರ ಹೊರಗೆ ಇಡುವುದು, ಮಕ್ಕಳನ್ನು ಎತ್ತರದಿಂದ ಎಸೆಯುವುದು. ಈ ಕೊನೆಯದು ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಗುಡಿಗಳಲ್ಲೇ ನಡೆಯುತ್ತಿದ್ದದ್ದು. ಗುಡಿಯ ಮಾಳಿಗೆ ಮೇಲಿಂದ ಕೂಸನ್ನು ಕೆಳಗೆ ಹಿಡಿದ ಕಂಬಳಿಗೆ ಬಿಡುತ್ತಿದ್ದರು. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ದಾರ ಅಂತ ಕೂರಿಸುವುದೂ ಆ ಪಟ್ಟಿಯಲ್ಲಿದೆ. ಶಿಕ್ಷೆ 1 ವರ್ಷದಿಂದ 7 ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅದಕ್ಕೆ ಕೆಲವೇ ದಿನ ಮೊದಲು, 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು. ಕೈಕಾಲು ಸರಿ ಹೋಗಲಿ ಅಂತ ಹೆತ್ತವರೇ ಮಾಡಿದ್ದು.

ಕಾಯ್ದೆಯಲ್ಲಿ ಬಿಟ್ಟದ್ದೂ ಇದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ, ಮಕ್ಕಳಿಗೆ ಕಿವಿ ಮೂಗು ಚುಚ್ಚಿಸುವುದು ಇವನ್ನೆಲ್ಲ ಮುಟ್ಟಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. ಆದರೆ ಜ್ಯೋತಿಷ್ಯದ ಸಲಹೆ, ವಾಸ್ತು ಸಲಹೆ ಕೂಡ ಹೊರಗೆ ಉಳಿದವು. ಬೆಳಗಾವಿಯ ಹೊಸ ಬಡಾವಣೆಗಳಲ್ಲಿ ಓಡಾಡಿದರೆ ಗೊತ್ತಾಗುತ್ತದೆ, ಕಟ್ಟಿ ಎರಡು ವರ್ಷ ಆಗದ ಮನೆಯ ಅಡುಗೆಮನೆಯನ್ನು ಒಡೆದು ಇನ್ನೊಂದು ಮೂಲೆಗೆ ಒಯ್ಯುತ್ತಾರೆ, ಅದಕ್ಕೆ ಲಕ್ಷಗಟ್ಟಲೆ ಸಾಲ ಮಾಡುತ್ತಾರೆ. ಅಲ್ಲಿ ಯಾರಿಗೂ ಪೆಟ್ಟು ಬೀಳಲಿಲ್ಲ, ಅದಕ್ಕೆ ಕಾನೂನು ಬಿಟ್ಟಿತು ಅಂತ ಒಪ್ಪುತ್ತೇನೆ. ಆದರೆ ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ಅದು ಸರಿ ಅಂತ ಆಗುವುದಿಲ್ಲ. ಮಂತ್ರದವರಿಗೆ ನೂರು ರೂಪಾಯಿ ಕೊಟ್ಟ ನಮ್ಮ ಕಾಕಾ ಮೂಢ, ಗೋಡೆ ಒಡೆಯಲು ಮೂರು ಲಕ್ಷ ಸುರಿದವರು ಆಸ್ತಿಕರು ಅನ್ನೋ ಲೆಕ್ಕ ನನಗೆ ಒಪ್ಪಿಗೆ ಇಲ್ಲ.

ಹಾಗಾದರೆ ಅಳೆಯುವುದು ಹೇಗೆ? ನನಗೆ ಇದರ ಉತ್ತರ ವಿಜಯಪುರದಲ್ಲಿ ಸಿಕ್ಕಿತು. ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ, 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದನ್ನು ಮುಟ್ಟಿ ಮನಸ್ಸಿನಲ್ಲಿ ಅಂದುಕೊಂಡರೆ ಆಗುತ್ತದೆ ಅನ್ನೋ ನಂಬಿಕೆ ಇದೆ. ಕಾಲೇಜು ಹುಡುಗಿಯರು ಅದರ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದನ್ನು ನೋಡಿದ್ದೇನೆ. ಎಂಥ ಬಿಸಿಲಿದ್ದರೂ ಆ ಲೋಹ ತಣ್ಣಗಿರುತ್ತದೆ ಅಂತ ಅವರಲ್ಲಿ ಒಬ್ಬಳು ನನಗೂ ಮುಟ್ಟಿ ನೋಡಲು ಹೇಳಿದಳು. ಮುಟ್ಟಿದೆ. ಯಾರಿಗೂ ಏನೂ ನಷ್ಟ ಆಗಲಿಲ್ಲ.

ಅದೇ ವಿಜಯಪುರದ ಹೊರಗೆ ಸಾಠ್ ಕಬರ್ ಇದೆ. ಹೊಲಗಳ ನಡುವೆ ಕಪ್ಪು ಕಲ್ಲಿನ ಸಮಾಧಿಗಳು, ಸಾಲಾಗಿ, ಒಂದರ ಪಕ್ಕ ಒಂದು, ಎಲ್ಲ ಒಂದೇ ಅಳತೆ. ಅಫಜಲ್ ಖಾನ್ 1659ರಲ್ಲಿ ಶಿವಾಜಿಯ ಮೇಲೆ ದಂಡು ಹೊರಡುವ ಮುಂಚೆ ಜ್ಯೋತಿಷಿಗಳು ನೀನು ತಿರುಗಿ ಬರುವುದಿಲ್ಲ ಅಂದರಂತೆ, ತಾನು ಸತ್ತ ಮೇಲೆ ಬೇರೆಯವರ ಪಾಲಾಗಬಾರದು ಅಂತ ಅವನು ತನ್ನ ಅರವತ್ಮೂರು ಹೆಂಡಂದಿರನ್ನು ಕೊಂದನಂತೆ. ಇದು ಜನರ ಬಾಯಲ್ಲಿ ಉಳಿದ ಕಥೆ, ಇತಿಹಾಸ ಅಂತ ನಾನು ಹೇಳುತ್ತಿಲ್ಲ. ಆದರೆ ಮುನ್ನೂರು ವರ್ಷ ಜನ ಈ ಕಥೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಜ್ಯೋತಿಷಿಯ ಮಾತು ನಿಜವಾಯಿತಲ್ಲ ಅಂತ ಕೆಲವರು ಹೇಳುತ್ತಾರೆ, ಖಾನ್ ಪ್ರತಾಪಗಡದಲ್ಲಿ ಸತ್ತದ್ದು ನಿಜ. ಆದರೆ ಅಲ್ಲಿ ನಿಂತಾಗ ನನ್ನ ತಲೆಗೆ ಬಂದದ್ದು ಒಂದೇ. ನಂಬಿದವನು ಒಬ್ಬ, ಬೆಲೆ ಕೊಟ್ಟವರು ಬೇರೆಯವರು.

ಅವತ್ತಿನಿಂದ ನನ್ನ ಅಳತೆ ಇದೇ. ಈ ನಂಬಿಕೆಯ ಬೆಲೆಯನ್ನು ಯಾರು ಕೊಡುತ್ತಿದ್ದಾರೆ? ಅವರು ಬೇಡ ಅನ್ನಬಹುದಾ?

ಸವದತ್ತಿ ಕಡೆ ಹೋದರೆ ಈ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಎಲ್ಲಮ್ಮನ ಮೇಲೆ ಭಕ್ತಿ ಇಟ್ಟು, ಚಕ್ಕಡಿ ಕಟ್ಟಿಕೊಂಡು, ಉಧೋ ಉಧೋ ಅಂತ ಬರುವ ಲಕ್ಷಾಂತರ ಜನರ ನಂಬಿಕೆಯನ್ನು ನಾನು ಪ್ರಶ್ನೆ ಮಾಡುತ್ತಿಲ್ಲ. ಆದರೆ ಜಡೆ ಅಂತ ಒಂದಿದೆ. ಹುಡುಗಿಯ ತಲೆಗೂದಲು ಗಂಟಾಗಿ ಬಿಡಿಸಲಾಗದಂತೆ ಕಟ್ಟಿಕೊಂಡರೆ ಅದು ಅಮ್ಮನ ಕರೆ ಅಂತ ನಂಬುತ್ತಿದ್ದರು. ಎಣ್ಣೆ, ಬೆವರು, ಧೂಳು, ಹೇನು ಸೇರಿ, ತೊಳೆಯದೆ ಬಾಚದೆ ಬಿಟ್ಟರೆ ಯಾರ ಕೂದಲಾದರೂ ಹಾಗೆ ಆಗುತ್ತದೆ. ಆ ಗಂಟು ನೋಡಿ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ನಡೆದದ್ದು ಇದು. ಬಹುತೇಕ ಎಲ್ಲರೂ ದಲಿತರ ಮನೆಯ ಮಕ್ಕಳೇ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು.

ಒಮ್ಮೆ ಜಡೆ ತೆಗೆಯುವುದನ್ನು ಹತ್ತಿರದಿಂದ ನೋಡಿದೆ. ಐವತ್ತು ದಾಟಿದ ಹೆಂಗಸು. ಕತ್ತರಿ ಹಿಡಿದವಳೂ ಹಿಂದೆ ಮುತ್ತು ಕಟ್ಟಿಸಿಕೊಂಡವಳೇ. ಅವಳು "ಮೂಢನಂಬಿಕೆ" ಅನ್ನೋ ಪದವನ್ನು ಒಮ್ಮೆಯೂ ಬಳಸಲಿಲ್ಲ. ಸುಮ್ನೆ ಕುತ್ತಿಗೆ ನೋವಿನ ಬಗ್ಗೆ ಕೇಳಿದಳು, ರಾತ್ರಿ ಹೇಗೆ ಮಲಗುತ್ತೀ ಅಂತ ಕೇಳಿದಳು, ತನ್ನ ಜಡೆ ತೆಗೆದು ಎಷ್ಟು ವರ್ಷ ಆಯಿತು, ತನಗೆ ಏನೂ ಆಗಿಲ್ಲ ಅಂತ ತಲೆ ತೋರಿಸಿದಳು. ಭಂಡಾರ ಹಚ್ಚಿ, ಅಮ್ಮನ ಹೆಸರು ಹೇಳಿಯೇ ಕತ್ತರಿ ಹಾಕಿದಳು. ತೆಗೆದ ಜಡೆಯನ್ನು ಆ ಹೆಂಗಸು ಕೈಯಲ್ಲಿ ತೂಗಿ ನೋಡಿದಳು. ಆಮೇಲೆ ಎಷ್ಟೋ ಹೊತ್ತು ಹಿಂಗತ್ತನ್ನು ಮುಟ್ಟಿಕೊಳ್ಳುತ್ತಾ ಕೂತಿದ್ದಳು.

ಬಾನಾಮತಿ ಅಂದರೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನೋ ನಂಬಿಕೆ, ಅದರಲ್ಲೂ ಹೆಣ್ಣುಮಕ್ಕಳೇ ಜಾಸ್ತಿ. ಇದ್ದಕ್ಕಿದ್ದಂತೆ ನಾಯಿಯಂತೆ ಕೂಗುವುದು, ಬಿದ್ದು ಹೊರಳಾಡುವುದು. ಮನೋವೈದ್ಯರು ಇದನ್ನು ಒಳಗಿನ ಸಂಕಟ ಮೈಮೂಲಕ ಹೊರಗೆ ಬರುವುದು ಅಂತ ವಿವರಿಸುತ್ತಾರೆ. ಗಂಡನ ಮನೆಯಲ್ಲಿ ಬಾಯಿ ಬಿಡಲಾಗದವಳು ಹಾಗೆ ಕೂಗಿದಾಗ ಮೊದಲ ಸಲ ಎಲ್ಲರೂ ಅವಳತ್ತ ನೋಡುತ್ತಾರೆ. ಅವಳಿಗೆ ಮೂಢ ಅಂದರೆ ಇದ್ದ ಒಂದು ಬಾಗಿಲನ್ನೂ ಮುಚ್ಚಿದಂತೆ. ಬಾನಾಮತಿ ಮಾಡಿಸಿದವಳು ಇವಳೇ ಅಂತ ಓಣಿಯ ಒಬ್ಬ ಒಂಟಿ ಮುದುಕಿಯ ಕಡೆ ಬೆರಳು ತೋರಿಸಿದಾಗ ಮಾತ್ರ ಅದು ಪೊಲೀಸರ ಕೆಲಸ.

ಈ ಪದವನ್ನು ಎತ್ತಿ ಮಾತಾಡಿದ್ದಕ್ಕೆ ಜೀವ ಕೊಟ್ಟವರಿದ್ದಾರೆ, ಅದನ್ನು ಮರೆತು ನಾನು ಇದನ್ನು ಬರೆಯುತ್ತಿಲ್ಲ. ದಾಭೋಲ್ಕರ್ ಅವರ ಹೆಸರು ಆಗಲೇ ಹೇಳಿದೆ. ನಮ್ಮ ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಕೊಂದರು. ಅದಕ್ಕೇ ಪದವನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಎಲ್ಲಿ, ಯಾರ ಮುಂದೆ, ಯಾವುದಕ್ಕೆ ಅಂತ ನೋಡಿ ಬಳಸೋಣ ಅನ್ನುತ್ತೇನೆ. ಮಗುವನ್ನು ಮಾಳಿಗೆಯಿಂದ ಎಸೆಯುವುದಕ್ಕೆ ಮೂಢನಂಬಿಕೆ ಅನ್ನೋದು ಕಡಿಮೆಯೇ ಆಯಿತು, ಅದು ಹಿಂಸೆ. ಅವ್ವನ ನೆದರಕ್ಕೆ ಆ ಪದ ಭಾರ ಆಯಿತು.

ಸಂವಿಧಾನದ 51ಎ ವಿಧಿಯಲ್ಲಿ, 1976ರ ತಿದ್ದುಪಡಿಯಿಂದ ಸೇರಿದ ನಾಗರಿಕರ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಬೇಕು ಅಂತ ಇದೆ. ಅದೇ ಸಾಲಿನಲ್ಲಿ ಮಾನವೀಯತೆ, ಪ್ರಶ್ನೆ ಕೇಳುವ ಗುಣ, ಸುಧಾರಣೆಯ ಮನಸ್ಸು ಅಂತಲೂ ಇದೆ. ಮೂಢನಂಬಿಕೆ ಅನ್ನೋ ಪದ ಆ ಸಾಲಿನಲ್ಲೂ ಇಲ್ಲ. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಅಂಬೇಡ್ಕರ್ ತೀರಿಕೊಂಡ ದಿನವಾದ ಡಿಸೆಂಬರ್ 6ರಂದು ಸತೀಶ ಜಾರಕಿಹೊಳಿ ಮತ್ತು ಮಾನವ ಬಂಧುತ್ವ ವೇದಿಕೆಯವರು ಮೌಢ್ಯ ವಿರೋಧಿ ಸಂಕಲ್ಪ ದಿನ ಮಾಡುತ್ತಾ ಬಂದಿದ್ದಾರೆ. ಅಲ್ಲಿನ ಭಾಷಣಗಳಿಗಿಂತ ನನಗೆ ಹಿಡಿಸುವುದು ಅಲ್ಲಿನ ಊಟ. ಸ್ಮಶಾನದಲ್ಲಿ ಕೂತು ಸಾವಿರಾರು ಜನ ಊಟ ಮಾಡುತ್ತಾರೆ, ಚಿಕ್ಕ ಮಕ್ಕಳು ಗೋರಿಗಳ ನಡುವೆ ಓಡಾಡುತ್ತಾರೆ, ಕೆಲವರು ರಾತ್ರಿ ಅಲ್ಲೇ ಮಲಗುತ್ತಾರೆ. ಬೆಳಿಗ್ಗೆ ಎದ್ದು ಮನೆಗೆ ಬಂದ ಮಗುವಿಗೆ ಸ್ಮಶಾನದ ಹೆದರಿಕೆ ಬಗ್ಗೆ ಯಾರೂ ಬೇರೆ ಪಾಠ ಮಾಡಬೇಕಾಗಿಲ್ಲ.

ಮಂತ್ರದಿಂದ ಹಾವಿನ ವಿಷ ಇಳಿಯುತ್ತದೆ ಅನ್ನೋ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣ ಜನರ ದಡ್ಡತನ ಅಲ್ಲ. ಅವರು ಕಣ್ಣಾರೆ ಕಂಡಿದ್ದಾರೆ, ಅದೇ ಕಾರಣ. ನಮ್ಮ ಹೊಲಗಳಲ್ಲಿ ಕಡಿಯುವ ಹಾವುಗಳಲ್ಲಿ ಬಹುಪಾಲು ವಿಷ ಇಲ್ಲದವು. ವಿಷದ ಹಾವೂ ಕೆಲವು ಸಲ ಕಡಿದರೂ ವಿಷ ಬಿಡುವುದಿಲ್ಲ. ಅಂಥವರನ್ನೆಲ್ಲ ಮಂತ್ರದವರ ಹತ್ತಿರ ಒಯ್ದರೆ ಎಲ್ಲರೂ ನಡೆದುಕೊಂಡೇ ಮನೆಗೆ ಬರುತ್ತಾರೆ. ಹತ್ತು ಜನರಲ್ಲಿ ಏಳೆಂಟು ಜನ ಬದುಕಿ ಬಂದದ್ದನ್ನು ಊರು ನೋಡುತ್ತದೆ. ಸತ್ತವರಿಗೆ "ಹೊತ್ತು ಮೀರಿತ್ತು", "ಅಮಾಸಿ ಇತ್ತು", "ಹಣೇಬರಹ" ಅಂತ ಕಾರಣ ಸಿಗುತ್ತದೆ. ಕಾಮಾಲೆಯದ್ದೂ ಇದೇ ಲೆಕ್ಕ. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮೊದಲ ವಾರ ಹಳದಿಯಾಗುತ್ತಾರೆ, ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಆ ನಡುವೆ ಹೊಟ್ಟೆಗೆ ಬರೆ ಹಾಕಿದರೆ ವಾಸಿಯಾದ ಹೆಸರು ಬರೆಗೆ ಬರುತ್ತದೆ, ನಂಜಾದ ಗಾಯ ಮಗುವಿಗೆ ಉಳಿಯುತ್ತದೆ.

ಭಾರತದಲ್ಲಿ ಹಾವು ಕಡಿದು ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಅನ್ನೋ ಅಂದಾಜಿದೆ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಲೆಕ್ಕ ಸಿಕ್ಕರೆ ಔಷಧ ಎಲ್ಲಿ ಎಷ್ಟು ಇಡಬೇಕು ಅಂತ ಗೊತ್ತಾಗುತ್ತದೆ. ಅದು ಬೇಕು. ರಾತ್ರಿ ಎಂಟಕ್ಕೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬೀಗ ಬಿದ್ದಿರುತ್ತದೆ, ಮಂತ್ರದವರ ಬಾಗಿಲು ಮಾತ್ರ ಯಾವ ಹೊತ್ತಿಗೂ ತೆರೆದಿರುತ್ತದೆ ಅನ್ನೋದನ್ನು ಬಿಟ್ಟು ಬರೀ ನಂಬಿಕೆಯ ಬಗ್ಗೆ ಮಾತಾಡಿದರೆ ಅರ್ಧ ಮಾತೇ ಆಗುತ್ತದೆ.

ಆ ರಾತ್ರಿ ನಾನು ಒದರಿದ ಮೇಲೆ ಇನ್ನೊಂದು ನಡೆಯಿತು. ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವರು. ಹುಡುಗ ಬಂದ ಕೂಡಲೇ ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲೆ ಅಲುಗಾಡಿಸದೆ ಇಟ್ಟಿದ್ದರು. 20 ನಿಮಿಷ ಬಿಟ್ಟು ವಾಲಿಸಿ ನೋಡುವ ಪರೀಕ್ಷೆ ಅದು. ಎಲ್ಲರ ರಕ್ತವೂ ಅಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ. ಕೊಳಕು ಮಂಡಲದ ವಿಷ ಏರಿದ್ದರೆ ಗಟ್ಟುವುದಿಲ್ಲ. ಪ್ರತಿವಿಷ ಕೊಟ್ಟು ಆರು ತಾಸಿಗೆ ಮತ್ತೆ ಅದೇ ಪರೀಕ್ಷೆ ಮಾಡುವಾಗ ಅವರು ಕಾಕಾನನ್ನು ಒಳಗೆ ಕರೆದರು. ಎರಡು ನಳಿಕೆ ತೋರಿಸಿದರು. ಸಂಜೆಯದನ್ನು ವಾಲಿಸಿದರು, ರಕ್ತ ನೀರಿನಂತೆ ಹರಿಯಿತು. ಈಗಿನದನ್ನು ವಾಲಿಸಿದರು, ಅಲ್ಲಾಡಲಿಲ್ಲ. "ನೋಡ್ರಿ, ಔಷಧ ಇಷ್ಟು ಮಾಡೇತಿ" ಅಂದರು. ಅಷ್ಟೇ ಮಾತು.

ಕಾಕಾ ಆ ನಳಿಕೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ತಾನೇ ಒಮ್ಮೆ ವಾಲಿಸಿ ನೋಡಿದ.

ಹೋದ ವರ್ಷ ಪಕ್ಕದ ಹೊಲದಲ್ಲಿ ಕಬ್ಬು ಕಡಿಯಲು ಬಂದ ಗ್ಯಾಂಗಿನ ಒಬ್ಬನಿಗೆ ಹಾವು ಕಡಿಯಿತು. ಕಾಕಾ ಅವನನ್ನು ಬೈಕ್ ಮೇಲೆ ನಡುವೆ ಕೂರಿಸಿಕೊಂಡು, ಹಿಂದೆ ಇನ್ನೊಬ್ಬನನ್ನು ಹಿಡಿದುಕೊಳ್ಳಲು ಕೂರಿಸಿ, ಸೀದಾ ಆಸ್ಪತ್ರೆಗೆ ಹೋದ. ಕಾಲಿಗೆ ಹಗ್ಗ ಕಟ್ಟಲು ಬಿಡಲಿಲ್ಲ. ದಾರಿಯಲ್ಲಿ ಮಂತ್ರದವರಿಗೆ ಫೋನ್ ಮಾಡಿ "ನೀ ಅಲ್ಲಿಂದನ ಹಾಕು, ನಾವು ದವಾಖಾನಿಗೆ ಹೊಂಟೀವಿ" ಅಂದನಂತೆ. ಆಸ್ಪತ್ರೆ ಮುಟ್ಟಿದವನೇ ನರ್ಸ್‌ಗೆ ಮೊದಲು ಕೇಳಿದ್ದು "ಆ ಗಾಜಿನ ನಳಿಗಿ ಎಲ್ಲೈತ್ರಿ?"